ನನ್ನ ತಲೆಗೆ ಅಡುಗೆಮನೆಯ ಬಣ್ಣ

ನನ್ನ ತಲೆಯ ಮೇಲೆ ಏನಾದರೊಂದು ನಡೀತಾನೇ ಇರುತ್ತೆ. ನಾನಾಗಿ ಹುಡುಕಿಕೊಂಡು ಹೋಗೋದಿಲ್ಲ. ನಾನು ಗಂಭೀರ ಮನುಷ್ಯ. ಯಶವಂತಪುರದ ಒಂದು ಕಾರ್ಖಾನೆಯ ಪೇಂಟ್ ಸೆಕ್ಷನ್‌ನಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದವನು. ಮೆಷಿನ್‌ಗಳ ಮೈಗೆ ಬಣ್ಣ ಹೊಡೆಯೋದು ನನ್ನ ಕಸುಬು. ಮೊದಲು ಉಜ್ಜಬೇಕು, ಆಮೇಲೆ ಪ್ರೈಮರ್, ಅದು ಚೆನ್ನಾಗಿ ಒಣಗಿದ ಮೇಲೆ ಬಣ್ಣ. ಈ ಕ್ರಮ ತಪ್ಪಿಸಿದವರನ್ನ ಬಾಯಿಗೆ ಬಂದ ಹಾಗೆ ಬೈದಿದ್ದೇನೆ. ಅಂಥವನಿಗೆ ತನ್ನ ಸ್ವಂತ ತಲೆಗೆ ಒಂದು ಕೋಟ್ ಕಪ್ಪು ಹೊಡೆಯೋಕೆ ಎಂಬತ್ತರ ದಶಕದಲ್ಲಿ ಪೂರಾ ಒಂದು ವರ್ಷ ಹಿಡೀತು. ಜನ ನಕ್ಕರು. ನಗಲಿ ಬಿಡಿ. ನನಗೆ ಮಾತ್ರ ಆಗ ನಗು ಬರ್ತಿರಲಿಲ್ಲ.

೧. ಯಾರು ಸ್ವಾಮಿ ನೀವು?

ಆಗ ನಾವು ಆರ್.ಟಿ. ನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಾನು, ನನ್ನ ಹೆಂಡತಿ, ನಮ್ಮಮ್ಮ. ಅಕ್ಕಪಕ್ಕ ಇನ್ನೂ ಖಾಲಿ ಸೈಟುಗಳು. ಸಂಜೆ ಐದೂವರೆಗೆ ನಾನು ಸೈಕಲ್ ಮೇಲೆ ಬರೋದು ದೂರದ ತಿರುವಿನಿಂದಲೇ ಕಾಣಿಸ್ತಿತ್ತು. ಅಮ್ಮ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು ಕಾಯ್ತಿದ್ದಳು. ನಾನು ಬಂದ ಕೂಡಲೇ "ಬಂದ್ಯೇನೋ?" ಅನ್ನೋಳು. ನಾನು ಸ್ಕೂಲಿನಿಂದ ಬರ್ತಿದ್ದ ಕಾಲದಿಂದಲೂ ಅದೇ ಮಾತು, ಅದೇ ರಾಗ.

ನನಗೆ ನಲವತ್ತು ದಾಟಿದ ಮೇಲೆ ತಲೆ ಒಂದೇ ಏಟಿಗೆ ಬೆಳ್ಳಗಾಯ್ತು. ಅದೇ ಹೊತ್ತಿಗೆ ಅಮ್ಮನಿಗೆ ಅರಳುಮರಳು ಶುರುವಾಯ್ತು. ಎರಡೂ ಒಟ್ಟಿಗೆ ಬರಬಾರದಿತ್ತು.

ಒಂದು ಸಂಜೆ ಗೇಟಿನ ಹತ್ತಿರ ಸೈಕಲ್ ಇಳಿದೆ. ಅಮ್ಮ ನನ್ನನ್ನ ತಲೆಯಿಂದ ಕಾಲಿನವರೆಗೆ ನೋಡಿ, "ಯಾರು ಸ್ವಾಮಿ ನೀವು? ಯಾರು ಬೇಕಿತ್ತು?" ಅಂದಳು.

"ಅಮ್ಮಾ, ನಾನು ಕಣೇ."

"ನನ್ನ ಮಗ ಇನ್ನೂ ಫ್ಯಾಕ್ಟರಿಯಿಂದ ಬಂದಿಲ್ಲ ಸ್ವಾಮಿ. ಬಂದ್ಮೇಲೆ ಬನ್ನಿ."

ಹೆತ್ತ ತಾಯಿ ನನಗೆ 'ನೀವು' ಅಂದಳು. ಅಷ್ಟೇ ಆಗಿದ್ದರೆ ನುಂಗಿಕೊಳ್ತಿದ್ದೆ. ಮಗ ಮನೆಗೆ ಬರದೆ ಅವಳು ತುತ್ತು ಮುಟ್ಟೋದಿಲ್ಲ, ಅದು ಮೊದಲಿಂದಲೂ ಇದ್ದ ಪದ್ಧತಿ. ಈಗ ಮಗ ಎದುರಿಗೇ ಕೂತಿದ್ದರೂ ಬಂದ ಹಾಗಾಗಲಿಲ್ಲ. ನನ್ನ ಹೆಂಡತಿ ಕಾಡಿಬೇಡಿ ಎರಡು ತುತ್ತು ಮೊಸರನ್ನ ಇಳಿಸೋಳು. ಎರಡೇ ತಿಂಗಳಲ್ಲಿ ಅಮ್ಮನ ರವಿಕೆ ಭುಜದಿಂದ ಜಾರೋಕೆ ಶುರುವಾಯ್ತು. ಡಾಕ್ಟ್ರು, "ವಯಸ್ಸು ಕಣ್ರೀ, ಅವರಿಗೆ ನಿಮ್ಮ ಹಳೇ ಮುಖ ಜ್ಞಾಪಕ ಇದೆ, ಹೊಸದು ಇಲ್ಲ" ಅಂದರು.

ಸರಿ, ಹಳೇ ಮುಖ ತಂದುಕೊಡೋಣ ಅಂತ ಅಂಗಡಿಯಿಂದ ಕಪ್ಪು ಬಣ್ಣದ ಸೀಸೆ ತಂದು ಹಚ್ಚಿದೆ. ಬೆಳಗಾಗೋ ಹೊತ್ತಿಗೆ ಮುಖ ಬನ್ನಿನ ಹಾಗೆ ಊದಿಕೊಂಡು ಕಣ್ಣೇ ಕಾಣದಂತಾಯ್ತು. ಅದೇ ಡಾಕ್ಟ್ರು, "ಇನ್ನೊಂದು ಸಲ ಇದನ್ನ ಮುಟ್ಟಿದ್ರೆ ನನ್ನ ಹತ್ರ ಬರಬೇಡಿ" ಅಂತ ಗದರಿದರು. ಅವತ್ತು ಸಂಜೆ ಅಮ್ಮ ನನ್ನ ಊದಿದ ಮುಖ ನೋಡಿ ನನ್ನ ಹೆಂಡತಿಗೆ ಹೇಳಿದಳು: "ನಿನ್ನೆ ಬಂದಿದ್ದೋರೇ ವಾಸಿ ಕಣಮ್ಮ. ಇವರು ಬೇಡ."

೨. ಕಾಫಿ ಪುಡಿ ಅಂಗಡಿ

ಅಂಗಡಿ ಬಣ್ಣ ಆಗದಿದ್ದರೆ ಅಡುಗೆಮನೆ ಇದೆಯಲ್ಲ. ಕಾಫಿ ಡಿಕಾಕ್ಷನ್ ಹಚ್ಚಿದರೆ ಕೂದಲು ಕಪ್ಪಾಗುತ್ತೆ ಅಂತ ಸೆಕ್ಷನ್‌ನಲ್ಲಿ ಯಾರೋ ಅಂದರು. ನಾಲ್ಕು ಚಮಚ ಪುಡಿ ಹಾಕಿ, ಫಿಲ್ಟರ್‌ನಲ್ಲಿ ಗಟ್ಟಿ ಡಿಕಾಕ್ಷನ್ ಇಳಿಸಿ, ತಲೆಗೆ ಸುರಿದುಕೊಂಡು, ತೊಳೆಯದೆ ಹಾಗೇ ಕೆಲಸಕ್ಕೆ ಹೊರಟೆ. ಸೈಕಲ್ ತುಳಿದರೆ ಬೆವರಿಗೆ ಇಳಿದುಹೋಗುತ್ತೆ ಅಂತ ಅವತ್ತು ಬಸ್ಸು ಹತ್ತಿದೆ.

ನನ್ನ ಪಕ್ಕ ಒಬ್ಬರು ಕೂತಿದ್ದರು, ಕಚೇರಿಗೆ ಹೋಗೋರು, ದಿನಾ ನಿದ್ದೆ ಮಾಡ್ಕೊಂಡೇ ಹೋಗೋ ಗಿರಾಕಿ. ಯಶವಂತಪುರದ ಸ್ಟಾಪಿನ ಎದುರು ಕಾಫಿ ಬೀಜ ಹುರಿಯೋ ಅಂಗಡಿಯೊಂದಿತ್ತು. ಆ ವಾಸನೆ ಮೂಗಿಗೆ ಬಡಿದಾಗ ಎದ್ದು ಇಳಿಯೋದು ಅವರ ಅಭ್ಯಾಸ. ಇದೆಲ್ಲ ಆಮೇಲೆ ಕಂಡಕ್ಟರ್ ಹೇಳಿದ್ದು.

ಬಸ್ಸು ಮೇಖ್ರಿ ಸರ್ಕಲ್‌ನಲ್ಲಿ ನಿಂತಿತು. ಇವರ ತಲೆ ನನ್ನ ಭುಜಕ್ಕೆ ವಾಲಿತು. ಮೂಗು ಎರಡು ಸಲ ಅರಳಿತು. ಗಡಬಡಿಸಿ ಎದ್ದರು, ಟಿಫಿನ್ ಡಬ್ಬಿ ಎತ್ತಿಕೊಂಡರು, "ಇಳೀಬೇಕು, ಇಳೀಬೇಕು" ಅಂತ ಜನರನ್ನ ತಳ್ಳಿಕೊಂಡು ಇಳಿದೇಬಿಟ್ಟರು. ಬಸ್ಸು ಹೊರಟಾಗ ಕಿಟಕಿಯಿಂದ ನೋಡಿದೆ. ಸರ್ಕಲ್ ಮಧ್ಯೆ ನಿಂತು ಕಾಫಿ ಅಂಗಡಿ ಎಲ್ಲಿ ಹೋಯ್ತು ಅಂತ ಸುತ್ತಮುತ್ತ ಹುಡುಕ್ತಿದ್ದರು. ಪಾಪ, ಅವರ ಅರ್ಧ ದಿನದ ರಜ ನನ್ನ ತಲೆಗೆ ಹೋಯ್ತು.

ಸಂಜೆ ಮನೆಗೆ ಬಂದೆ. ಬಣ್ಣ ಅರ್ಧ ಕಾಲರ್‌ಗೆ ಇಳಿದಿತ್ತು, ಉಳಿದರ್ಧ ಬೂದು ಬೂದಾಗಿ ತಲೆಯಲ್ಲಿತ್ತು. ಅಮ್ಮ ನನ್ನ ಸುತ್ತ ಗಾಳಿಯನ್ನ ಎಳೆದುಕೊಂಡಳು. ಮುಖ ಅರಳಿತು. ಗುರುತು ಸಿಕ್ಕಿತು ಅಂತ ನಾನು ಇನ್ನೂ ಹತ್ತಿರಕ್ಕೆ ಬಗ್ಗಿದೆ.

"ಒಳ್ಳೇ ಘಮ ಸ್ವಾಮಿ," ಅಂದಳು. "ಕಾಲು ಕೆ.ಜಿ. ಕೊಡಿ. ಚಿಕೋರಿ ಬೇಡ."

೩. ಶೇಡ್ ನಂಬರ್ ಕೇಳದ ತಪ್ಪು

ಎದುರುಮನೆಯಲ್ಲಿ ಒಬ್ಬ ವಯಸ್ಸಾದ ಟೈಲರ್ ಸಾಹೇಬ್ರಿದ್ದರು. ಅವರ ಹೆಂಡತಿಯನ್ನ ಬೀದಿಯವರೆಲ್ಲ ಖಾಲಾ ಅಂತಲೇ ಕರೀತಿದ್ದರು. ಹಬ್ಬಕ್ಕೆ ನಮ್ಮ ಮನೆಗೆ ಶಾವಿಗೆ ಪಾಯಸ ಬರೋದು, ನಮ್ಮಲ್ಲಿಂದ ಒಬ್ಬಟ್ಟು ಹೋಗೋದು. ನನ್ನ ಹೆಂಡತಿ ನನ್ನ ಕಷ್ಟ ಖಾಲಾ ಹತ್ತಿರ ತೋಡಿಕೊಂಡಿದ್ದಳು.

ಒಂದು ಭಾನುವಾರ ಖಾಲಾ ಬಟ್ಟಲು ತುಂಬ ಹಸಿರು ಮುದ್ದೆ ಕಲಸಿಕೊಂಡು ಬಂದರು. ಮೆಹಂದಿ ಸೊಪ್ಪು, ಟೀ ಡಿಕಾಕ್ಷನ್, ನಿಂಬೆಹಣ್ಣು, ಎರಡು ಲವಂಗ.

"ಹಚ್ಚು ಬೇಟಾ, ಭಯ ಪಡಬೇಡ. ನಾಕು ಗಂಟೆ ಬಿಡು. ರಂಗು ಎಂಥಾದ್ದು ಹಿಡೀತದೆ ನೋಡು. ಸಾಬೂನಿಗೆ ಬಗ್ಗಲ್ಲ, ಮಳೆಗೆ ಬಗ್ಗಲ್ಲ."

ಬಗ್ಗಲ್ಲ ಅಂದದ್ದೇ ನನಗೆ ಸಾಕಾಯ್ತು. ಯಾವ ರಂಗು ಅಂತ ಕೇಳಲೇ ಇಲ್ಲ. ಕಾರ್ಖಾನೆಯಲ್ಲಿ ಶೇಡ್ ನಂಬರ್ ನೋಡದೆ ಒಂದು ಡಬ್ಬದ ಮುಚ್ಚಳ ತೆಗೆದವನಲ್ಲ ನಾನು. ಮನೆಯಲ್ಲಿ ಬುದ್ಧಿ ಎಲ್ಲಿ ಹೋಗಿತ್ತೋ! ತಲೆ ತೊಳೆದು ಕನ್ನಡಿ ನೋಡಿದರೆ ಹಣ್ಣಾದ ಕಿತ್ತಳೆ.

ಸೋಮವಾರ ಸೆಕ್ಷನ್‌ಗೆ ಕಾಲಿಟ್ಟೆ. ನನ್ನ ಜೊತೆ ಗದಗಿನ ಕಡೆಯವನೊಬ್ಬ ಕೆಲಸ ಮಾಡ್ತಿದ್ದ. ನನಗಿಂತ ಐದಾರು ವರ್ಷಕ್ಕೆ ದೊಡ್ಡವನು, ಪೊದೆಯಂಥ ಬಿಳಿ ಮೀಸೆ. ನನ್ನ ಸುತ್ತ ಒಂದು ಸುತ್ತು ಬಂದು, ಬಗ್ಗಿ ನೋಡಿ, ಬೆರಳಿನಿಂದ ಮುಟ್ಟಿ ನೋಡಿ, ಬಹಳ ಗಂಭೀರವಾಗಿ ಹೇಳಿದ: "ಛಲೋ ಆಗೇತ್ರಿ. ರೆಡ್ ಆಕ್ಸೈಡ್ ಹೊಡದೀರಿ. ಒಣಗಲಿ. ಮ್ಯಾಲಿನ ಕೋಟ್ ಯಾವಾಗ್ರಿ?"

ಕಬ್ಬಿಣಕ್ಕೆ ಮೊದಲು ಹೊಡೆಯೋ ಪ್ರೈಮರ್ ಇದೇ ಬಣ್ಣ. ಸೆಕ್ಷನ್ನೆಲ್ಲ ಬಿದ್ದು ಬಿದ್ದು ನಕ್ಕಿತು. ನನಗೆ ಮಾತ್ರ ಆ ಮಾತು ತಲೆಯೊಳಗೆ ಕೂತುಬಿಟ್ಟಿತು.

ಸಂಜೆ ಗೇಟಿನಲ್ಲಿ ಅಮ್ಮ ಎದ್ದು ನಿಂತಳು. "ಬನ್ನಿ ಸಾಹೇಬ್ರೇ, ನಿಮ್ಮನ್ನೇ ಕಾಯ್ತಿದ್ದೆ" ಅಂತ ಒಳಗೆ ಹೋಗಿ ಒಂದು ರವಿಕೆ ತಂದಳು. ಟೈಲರ್ ಸಾಹೇಬ್ರ ಗಡ್ಡವೂ ನನ್ನ ತಲೆಯೂ ಒಂದೇ ಬಣ್ಣ ನೋಡಿ. "ಎಲ್ಲಾ ಸಡಿಲ ಆಗೋಗಿದೆ. ಎರಡೂ ಕಡೆ ಒಳಗೆ ಹಿಡೀರಿ."

ರವಿಕೆ ಯಾಕೆ ಸಡಿಲವಾಯ್ತು ಅಂತ ನನಗೆ ಗೊತ್ತಿತ್ತು. ಸುಮ್ಮನೆ ಇಸಕೊಂಡು ಎದುರುಮನೆಗೆ ಹೋದೆ. ನಿಜವಾದ ಸಾಹೇಬ್ರು ಕನ್ನಡಕ ಏರಿಸಿಕೊಂಡು ಅವತ್ತೇ ಹಿಡಿದುಕೊಟ್ಟರು. ಮಾರನೇ ದಿನ ತಂದುಕೊಟ್ಟೆ. ಅಮ್ಮ ಹೊಲಿಗೆಯನ್ನ ಬೆಳಕಿಗೆ ಹಿಡಿದು ನೋಡಿ ಮೆಚ್ಚಿಕೊಂಡಳು. "ಕೈ ಚೆನ್ನಾಗಿದೆ ಸಾಹೇಬ್ರೇ. ನನ್ನ ಮಗನಿಗೂ ಒಂದು ಶರ್ಟು ಹೊಲಿದುಕೊಡಿ. ಅಳತೆ ಕೊಡೋಕೆ ಅವನು ಸಿಕ್ಕಿದ್ರೆ ತಾನೆ! ಅವನು ಮನೆಗೇ ಬರ್ತಿಲ್ಲ."

೪. ಒಂದು ಹಿಡಿ ಬಿಳಿ ಕೂದಲು

ಮೂರು ತಿಂಗಳಲ್ಲಿ ಕಿತ್ತಳೆ ಎಲ್ಲ ಕತ್ತರಿಗೆ ಹೋಗಿ ತಲೆ ಮತ್ತೆ ಬೆಳ್ಳಗಾಯ್ತು. ದಾರಿ ತೋರಿಸಿದವಳು ನನ್ನ ಹೆಂಡತಿ.

"ರೀ, ಕಬ್ಬಿಣದ ಬಾಣಲೇಲಿ ನೆಲ್ಲಿಕಾಯಿ ಗೊಜ್ಜು ಮಾಡಿದ್ರೆ ಇದ್ದಿಲಿನ ಥರ ಆಗಲ್ವಾ? ಅದನ್ನೇ ಯಾಕೆ ಹಚ್ಕೋಬಾರ್ದು?"

ಒಣಗಿಸಿದ ನೆಲ್ಲಿಚೆಟ್ಟು, ಅಳಲೆಕಾಯಿ, ಮೆಂತ್ಯ, ಕರಿಬೇವು, ಒಂದು ಹಿಡಿ ಲವಂಗ. ಎಲ್ಲ ಕರ್ರಗೆ ಹುರಿದು, ಕುಟ್ಟಿ, ಬಾಣಲೆಯಲ್ಲಿ ಕುದಿಸಬೇಕು. ಈ ಸಲ ನಾನು ಮೋಸ ಹೋಗೋದಿಲ್ಲ ಅಂದುಕೊಂಡೆ. ಹೊಸ ಬಣ್ಣ ಬಂದರೆ ಮೊದಲು ತಗಡಿನ ತುಂಡಿಗೆ ಹಚ್ಚಿ ನೋಡೋದು ನಮ್ಮ ಸೆಕ್ಷನ್ ಪದ್ಧತಿ. ಆದ್ದರಿಂದ ಮೊದಲು ಸ್ಯಾಂಪಲ್ ಬೇಕು. ನೇರ ಕಟಿಂಗ್ ಶಾಪಿಗೆ ಹೋದೆ. ಕುರ್ಚಿಯಲ್ಲಿ ಒಬ್ಬ ರಿಟೈರ್ಡ್ ಯಜಮಾನರು ಕೂತಿದ್ದರು, ಅರ್ಧ ತಲೆ ಆಗಿತ್ತು.

"ಸ್ವಲ್ಪ ಬಿಳಿ ಕೂದಲು ಬೇಕಿತ್ತು," ಅಂದೆ.

ಕಟಿಂಗ್ ಶಾಪಿನವನ ಕತ್ತರಿ ನಿಂತಿತು. "ಯಾರದ್ದು ಸಾರ್?"

"ಯಾರದ್ದಾದ್ರೂ ಆಗ್ಲಿ. ವಯಸ್ಸಾದೋರದ್ದು."

"ಏನಕ್ಕೆ ಸಾರ್?"

"ಲವಂಗದ ಜೊತೆ ಕುದಿಸಬೇಕು. ಅಮಾವಾಸ್ಯೆ ಭಾನುವಾರ ಬಂದಿದೆ ನೋಡಿ, ಅವತ್ತು ನನಗೆ ರಜ."

ನನ್ನ ಬಾಯಿಂದ ಬಂದದ್ದು ಪೂರ್ತಿ ನಿಜ. ಯಜಮಾನರು ಅರ್ಧ ಕಟಿಂಗ್‌ನಲ್ಲೇ ಎದ್ದರು. ಕತ್ತಿನ ಬಟ್ಟೆಯನ್ನ ಕೂದಲ ಸಮೇತ ಗಂಟು ಕಟ್ಟಿ, ಬಗಲಿಗೆ ಅವುಚಿಕೊಂಡು, ನನ್ನನ್ನ ನೋಡದೆ ಬೀದಿಗಿಳಿದು ಹೋದರು. ಆಮೇಲೆ ಒಂದು ತಿಂಗಳು ಆರ್.ಟಿ. ನಗರದ ಹಿರಿಯರು ಕಟಿಂಗ್ ಆದ ಮೇಲೆ ತಮ್ಮ ಕೂದಲನ್ನ ತಾವೇ ಗುಡಿಸಿ ಮನೆಗೆ ತಗೊಂಡು ಹೋಗ್ತಿದ್ದರಂತೆ. ನಾನು ಎದುರಿಗೆ ಬಂದರೆ ರಸ್ತೆ ದಾಟೋರು.

ಮಾಟ ಅಲ್ಲ ಮಾರಾಯ, ಬಣ್ಣ ಪರೀಕ್ಷೆ ಅಂತ ಅಂಗಡಿಯವನಿಗೆ ಬಿಡಿಸಿ ಹೇಳೋಕೆ ಅರ್ಧ ಗಂಟೆ ಆಯ್ತು. ಎಲ್ಲ ಕೇಳಿ ಅವನು ನನ್ನನ್ನೇ ನೋಡ್ತಾ, "ಅಲ್ಲಾ ಸಾರ್, ನಿಮ್ಮ ತಲೇಲೇ ಬೇಕಾದಷ್ಟಿದೆಯಲ್ಲ?" ಅಂದ.

ಅದು ನನಗೆ ಹೊಳೆದೇ ಇರಲಿಲ್ಲ.

೫. ಉಪ್ಪು ಕಮ್ಮಿ

ಆ ಭಾನುವಾರ ಬೆಳಗ್ಗೆ ಬಾಣಲೆಯಲ್ಲಿ ಕುದಿಸಿಟ್ಟ ಮುದ್ದೆ ಕರ್ರಗೆ ಮಿರಮಿರ ಮಿಂಚ್ತಿತ್ತು. ತಣ್ಣಗಾಗಲಿ ಅಂತ ಊಟದ ಮನೆಯಲ್ಲಿ ತಟ್ಟೆ ಮುಚ್ಚಿಟ್ಟು, ನಾನು ಹಿತ್ತಲಿನಲ್ಲಿ ಸ್ಯಾಂಪಲ್‌ಗೆ ನನ್ನದೇ ಕೂದಲು ಕತ್ತರಿಸಿಕೊಳ್ತಿದ್ದೆ. ನನ್ನ ಹೆಂಡತಿ ಬಾವಿಕಟ್ಟೆಯಲ್ಲಿದ್ದಳು.

ಆ ಹೊತ್ತಿಗೆ ನನ್ನ ಗದಗಿನ ಸಹೋದ್ಯೋಗಿ ಬಂದ. ಹೆಂಡತಿ ಮಕ್ಕಳು ಊರಲ್ಲಿ, ಇವನು ಇಲ್ಲಿ ಒಂಟಿ. ಭಾನುವಾರ ಖಾನಾವಳಿಯಿಂದ ಜೋಳದ ರೊಟ್ಟಿ ಕಟ್ಟಿಸಿಕೊಂಡು ಬಂದು ನಮ್ಮಲ್ಲಿ ಪಲ್ಯ ಹಾಕಿಸಿಕೊಂಡು ಉಣ್ಣೋದು ರೂಢಿ. ಮನೆಯವನ ಹಾಗೇ ಒಳಗೆ ಬಂದು ಕೂತ. ತಟ್ಟೆ ಎತ್ತಿ ನೋಡಿದ.

ನಾನು ಒಳಗೆ ಬಂದಾಗ ಎರಡನೇ ರೊಟ್ಟಿ ನಡೀತಿತ್ತು. ಅವನ ಕಣ್ಣಲ್ಲಿ ನೀರು.

"ಗುರೆಳ್ಳ ಚಟ್ನಿ!" ಅಂದ. "ನಮ್ಮವ್ವ ಹೋದ ಮ್ಯಾಲ ಇಷ್ಟು ಕರೀ ಚಟ್ನಿ ನಾ ನೋಡಿದ್ದೇ ಇಲ್ರಿ. ಅಕ್ಕಾರ, ಭಾಳ ಛಲೋ ಆಗೇತಿ. ತುಸು ಕಹಿ ಬಿಟ್ಟೈತಿ, ಹುರಿಯೂದು ಜಾಸ್ತಿ ಆಗೇತಿ. ಉಪ್ಪೊಂದು ಕಮ್ಮಿ."

ನನ್ನ ಹೆಂಡತಿ ಬಾಗಿಲಲ್ಲೇ ಬಾಯಿಗೆ ಸೆರಗು ತುರುಕಿಕೊಂಡು ನಿಂತಳು. ತಾಯಿಯ ಚಟ್ನಿ ಅಂದವನಿಗೆ ಅದು ತಲೆಗೆ ಹಚ್ಚೋದು ಅಂತ ಹೇಗೆ ಹೇಳೋದು? ಅವಳು ಉಪ್ಪಿನ ಡಬ್ಬಿ ತಂದಿಟ್ಟಳು. ಅವನು ಮೀಸೆ ತೋಯೋ ಹಾಗೆ ತಿಂದು, ನಮ್ಮನ್ನ ಹರಸಿ, ಚಾಪೆ ಮೇಲೆ ಮಲಗಿ ಗೊರಕೆ ಹೊಡೆದ.

ಎದ್ದು ಮುಖ ತೊಳೆದ. ಹೊಟ್ಟೆಗೆ ಏನೂ ಆಗಿರಲಿಲ್ಲ, ಎಲ್ಲ ತಿನ್ನೋ ಪದಾರ್ಥವೇ. ಆದರೆ ಮೀಸೆ! ಮೂಗಿನ ಹತ್ತಿರ ಮಲ್ಲಿಗೆಯ ಹಾಗೆ ಬಿಳಿ, ತುಟಿ ತಾಗೋ ಕಡೆ ಒಂದು ಬೆರಳು ದಪ್ಪಕ್ಕೆ ಕಡುಕಪ್ಪು. ಸಾಬೂನು ಹಾಕಿದ, ಸೀಮೆಎಣ್ಣೆ ಹಾಕಿದ, ಜಪ್ಪಯ್ಯ ಅನ್ನಲಿಲ್ಲ.

ಅವನು ಕನ್ನಡಿ ಹಿಡಿದು ಗಾಬರಿಯಾಗಿ ಕೂತಿದ್ದಾನೆ. ನಾನು ಅವನ ಗದ್ದ ಹಿಡಿದು ಮೀಸೆಯನ್ನ ಕಿಟಕಿಯ ಬೆಳಕಿಗೆ ತಿರುಗಿಸಿ, "ಶೇಡ್ ಸರಿಯಾಗಿದೆ, ಪಾಸ್" ಅಂದೆ.

೬. ಎರಡನೇ ಕೋಟ್

ಮುಂದಿನ ಭಾನುವಾರ ಕ್ರಮವಾಗಿ ಕೆಲಸ ಮಾಡಿದೆ. ಸೀಗೆಪುಡಿ ಹಾಕಿ ಉಜ್ಜಿದೆ. ಖಾಲಾ ಮೆಹಂದಿಯೇ ಪ್ರೈಮರ್. ಅದು ಒಣಗಿದ ಮೇಲೆ ಬಾಣಲೆಯ ಕಪ್ಪು. ಮಧ್ಯಾಹ್ನ ಮೂರಕ್ಕೆ ತೊಳೆದರೆ, ಅಬ್ಬಾ! ಮದುವೆ ದಿನವೂ ನನ್ನ ತಲೆ ಅಷ್ಟು ಕಪ್ಪಗಿರಲಿಲ್ಲ. ಒಂದೇ ಕೊರತೆ, ಬಲಗಡೆ ಹಣೆಯ ಹತ್ತಿರ ಒಂದಿಷ್ಟು ಜಾಗಕ್ಕೆ ಹಿಡಿದಿರಲಿಲ್ಲ. ನಾನು ಯಾವಾಗಲೂ ತಲೆಯನ್ನ ಹಿಂದಕ್ಕೆ ಬಾಚೋನು. ನನ್ನ ಹೆಂಡತಿ ಎಡಗಡೆ ಬೈತಲೆ ತೆಗೆದು, ಕೂದಲನ್ನ ಬಲಕ್ಕೆ ಇಳಿಸಿ ಆ ಬಿಳಿಯನ್ನ ಮುಚ್ಚಿದಳು. ಬಾಚಿ ಮುಗಿಸಿ ನನ್ನ ಮುಖ ನೋಡಿದಳು. ಆಮೇಲೆ ನಡುಮನೆಯ ಗೋಡೆಯ ಕಡೆ ಒಂದು ಸಲ ತಿರುಗಿ ನೋಡಿದಳು.

ಹಿತ್ತಲ ಬಾಗಿಲಿಂದ ಸೈಕಲ್ ತಳ್ಳಿಕೊಂಡು ಹೋಗಿ, ಖಾಲಿ ಸೈಟು ಬಳಸಿ, ಐದೂವರೆಗೆ ತಿರುವಿನಿಂದ ಬಂದೆ. ಹ್ಯಾಂಡಲ್‌ಗೆ ಟಿಫಿನ್ ಕ್ಯಾರಿಯರ್ ಬೇರೆ. ಅಮ್ಮ ಕಲ್ಲಿನ ಮೇಲಿದ್ದಳು. 'ಬಂದ್ಯೇನೋ' ಅನ್ನು ತಾಯಿ, ಒಂದೇ ಒಂದು ಸಲ ಅನ್ನು ಅಂತ ಮನಸ್ಸಿನಲ್ಲೇ ಕೈಮುಗಿದೆ.

ಅಮ್ಮ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ತಟ್ಟನೆ ಎದ್ದು, ಸೆರಗನ್ನ ಎರಡೂ ಭುಜಕ್ಕೆ ಹೊದ್ದುಕೊಂಡು, ತಲೆ ತಗ್ಗಿಸಿ, "ಇಷ್ಟು ಹೊತ್ತು ಮಾಡಿದ್ರಾ? ಕಾಲು ತೊಳ್ಕೊಂಡು ಬನ್ನಿ" ಅಂದಳು.

ನನಗೆ ಅರ್ಥವಾಗಲಿಲ್ಲ. ಒಳಗೆ ಬಂದು ನಡುಮನೆಯ ಗೋಡೆ ನೋಡಿದ ಮೇಲೆ ಅರ್ಥವಾಯ್ತು. ಅಲ್ಲಿ ನಮ್ಮಪ್ಪನ ಫೋಟೋ. ನನಗೆ ಹತ್ತು ವರ್ಷವಿದ್ದಾಗ ತೀರಿಕೊಂಡವರು. ಕಡುಕಪ್ಪು ಕೂದಲು, ಎಡಗಡೆ ಬೈತಲೆ. ಫೋಟೋದಲ್ಲಿ ನಾನೇ ಇದ್ದ ಹಾಗಿತ್ತು.

ಅವತ್ತು ಅಮ್ಮ ತಾನೇ ಅಡುಗೆಮನೆಗೆ ಹೋದಳು. ತಾನೇ ಬಡಿಸಿದಳು. ನಾನು ಉಂಡು ಎದ್ದೆ. ಗಂಡ ಉಂಡ ಮೇಲೆ ಹೆಂಡತಿ ಉಣ್ಣೋದು ಅವಳ ಕಾಲದ ಪದ್ಧತಿ. ನಾನುಂಡ ತಟ್ಟೆಗೇ ಅನ್ನ ಹಾಕಿಕೊಂಡು ಕೂತಳು. ಹುಳಿಯನ್ನ ಉಂಡಳು, ಮೊಸರನ್ನ ಉಂಡಳು, ಇನ್ನೊಂದಿಷ್ಟು ಹಾಕಿಸಿಕೊಂಡಳು. ನನ್ನ ಹೆಂಡತಿ ಸೌಟು ಹಿಡಿದು ಕಣ್ಣೊರೆಸಿಕೊಳ್ತಾ ನಿಂತಿದ್ದಳು. ಒಂದು ವರ್ಷದ ಮೇಲೆ ಅಮ್ಮ ಹೊಟ್ಟೆ ತುಂಬ ಉಂಡಿದ್ದಳು.

ಕೈ ತೊಳೆದು ಬಂದು ನನ್ನ ಹತ್ತಿರ ಕೂತು, ದನಿ ತಗ್ಗಿಸಿದಳು. "ರೀ, ಒಂದು ಮಾತು. ಕೋಪ ಮಾಡ್ಕೋಬಾರ್ದು."

"ಹೇಳು," ಅಂದೆ. ಅಪ್ಪ ಹಾಗೇ ಅಂತಿದ್ದರು ಅಂತ ನೆನಪು.

"ನಿಮ್ಮ ಮಗನ ವಿಷಯ. ಮನೇಲಿ ಲವಂಗ ಅಂತ ಒಂದಿಲ್ಲ. ಕಾಫಿ ಪುಡಿ ಇಲ್ಲ. ಬಾಣಲೆ ಹಾಳುಮಾಡಿ ಇಟ್ಟಿದ್ದಾನೆ. ದಿನಕ್ಕೊಂದು ಬಣ್ಣ ಬಳ್ಕೊಂಡು ಗೇಟ್ ಹತ್ರ ಬಂದು ನಿಂತ್ಕೋತಾನೆ. ಒಂದಿನ ಕಾಫಿ ಪುಡಿಯೋನಂತೆ, ಒಂದಿನ ಟೈಲರ್ ಸಾಹೇಬ್ರಂತೆ. ಏನೋ ಆಟ ಆಡ್ತಾನೆ, ಬೇಜಾರಾಗ್ಬಾರ್ದು ಅಂತ ನಾನೂ ರವಿಕೆ ಕೊಟ್ಟು ಕಳಿಸ್ದೆ. ಎಷ್ಟು ದಿನ ಅಂತ ಆಡ್ಲಿ? ನೀವು ಸ್ವಲ್ಪ ಬುದ್ಧಿ ಹೇಳಿ."

ನನ್ನ ಕೈ ತಾನಾಗೇ ಬೈತಲೆಗೆ ಹೋಯ್ತು.

"ಹೊಡೀಬೇಡಿ ಮತ್ತೆ," ಅಂದಳು. "ತಲೆ ಎಲ್ಲಾ ಬೆಳ್ಳಗಾಗಿದೆ ಪಾಪ. ಆದ್ರೂ ಇನ್ನೂ ಮಗು ಅದು."

"ಆಯ್ತು, ಹೇಳ್ತೀನಿ," ಅಂತ ಎದ್ದು ಹಿತ್ತಲಿಗೆ ಹೋದೆ. ತಲೆಗೆ ನೀರು ಸುರಿದುಕೊಂಡು, ಸೀಗೆಪುಡಿ ಹಾಕಿ ಉಜ್ಜಿದೆ, ಉಜ್ಜಿದೆ. ಬಣ್ಣ ಹೋಗಲಿಲ್ಲ. ಪ್ರೈಮರ್ ಹೊಡೆದು ಬಳಿದದ್ದು ಎಲ್ಲಿ ಹೋಗುತ್ತೆ? ತಲೆ ಮೇಲೆ ಟವೆಲ್ ಹಾಕಿಕೊಂಡು ಒಗೆಯೋ ಕಲ್ಲಿನ ಮೇಲೆ ಕೂತು, ಯಾರಿಗೂ ಕಾಣದ ಹಾಗೆ ಅತ್ತುಬಿಟ್ಟೆ.

ಮಾರನೇ ಸಂಜೆ ಊಟ ಬಡಿಸ್ತಾ ಅಮ್ಮ ಕೇಳಿದಳು: "ಅವನಿಗೆ ಹೇಳಿದ್ರಾ?"

"ಹೇಳ್ದೆ."

"ಹೊಡೀಲಿಲ್ಲ ತಾನೆ?"

"ಇಲ್ಲ ಕಣೇ."

"ಮತ್ತೆ ನಿನ್ನೆ ಹಿತ್ತಲಲ್ಲಿ ಯಾಕೆ ಅಳ್ತಾ ಕೂತಿದ್ದ?"

ಅನ್ನ ಕಲಸೋದು ನಿಲ್ಲಿಸದೆ ಹೇಳಿದೆ: "ಕಣ್ಣಿಗೆ ಸೀಗೆಪುಡಿ ಬಿದ್ದಿತ್ತಂತೆ."